ಎರೆಮಣ್ಣಿನ ಟಾಯರು

ಗುರಪ್ಪನ ಮಗ ಬಾಳು ಜೀಪಿನ ಬಾನೆಟ್ಟಿಗೆ ಚೆಂಡುಹೂವಿನ ಮಾಲೆ ಬಿಗಿಯುತ್ತಿದ್ದಾಗಲೇ ಸಾತಪ್ಪ ಓಡಿಬಂದ. ಮೊಳಕಾಲಿನವರೆಗೆ ಕೆಸರು. ಅಂಗಳದ ತುಂಬ ಕೂತಿದ್ದ ಜನರನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಹಾಲಸಿದ್ದಪ್ಪನ ಹಣೆಗೆ ಭಂಡಾರದ ಅರಿಸಿನ ಹಚ್ಚಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೂರು ದಿನದ ಮಳೆಗೆ ಹೊಲದ ದಾರಿಯ ಕಪ್ಪು ಎರೆಮಣ್ಣು ಕೆಸರಾಗಿತ್ತು. ಹದಿನೆಂಟು ವರ್ಷ ಓಡಿಸಿದ ಜೀಪಿನಲ್ಲೇ ಅವನನ್ನು ಒಯ್ದು ಮಣ್ಣು ಮಾಡುವುದೆಂದು ಅವನ ಅಣ್ಣ ಗುರಪ್ಪ ಹೇಳಿದ್ದ.

"ಯಾಕೋ ಸಾತಪ್ಪ?" ಗಂಡನ ಪಕ್ಕ ಕೂತಿದ್ದ ಸಾವಕ್ಕ ಕೇಳಿದಳು.

"ನನ್ನ ಮಗಳು ಯಲ್ಲವ್ವಗ ನಿನ್ನೆಯಿಂದ ಬ್ಯಾನಿ. ಸೂಲಗಿತ್ತಿ ನನ್ನ ಕೈಲೆ ಆಗೂದಿಲ್ಲ ಅಂದಳು. ಜೀಪ ಕೇಳಾಕ ಬಂದಿದ್ದೆ. ಇಲ್ಲಿ ಹಿಂಗಾಗಿದ್ದು ಗೊತ್ತಿರಲಿಲ್ಲವ್ವ."

"ಮಣ್ಣ ಆಗೂತನಕ ಜೀಪ ಅಲ್ಲಾಡಂಗಿಲ್ಲ. ಬ್ಯಾರೆ ಗಾಡಿ ನೋಡು," ಗುರಪ್ಪನ ದನಿ ಗಡಸಾಯಿತು.

"ನಮ್ಮ ಹೊಲದ ವಸ್ತಿ ದಾರ್ಯಾಗ, ಈ ಎರಿ ಕೆಸರಾಗ, ಬ್ಯಾರೆ ಯಾ ಗಾಡಿ ಬರ್ತೈತ್ರಿ ಯಜಮಾನ್ರ?"

ಸಾವಕ್ಕ ಜೀಪಿನ ಗಾಲಿಗಳತ್ತ ನೋಡಿದಳು.

*

ಹಿಂದಿನ ವರ್ಷ ಟಾಯರು ಸವೆದಾಗ ಗಂಡ ಹೆಂಡತಿ ಇಬ್ಬರೂ ಜಮಖಂಡಿಗೆ ಹೋಗಿದ್ದರು. ಅಂಗಡಿಯವನು ಸಣ್ಣ ಗೀರಿನ ಟಾಯರು ಉರುಳಿಸಿ ತಂದ.

"ಈಗ ಎಲ್ಲಾ ಕಡೆ ಡಾಂಬರಾಗೇತಿ. ಇದನ್ನ ಹಾಕ್ಸ್ರಿ. ಸಪ್ಪಳಿಲ್ಲ, ಲಗೂ ಸವ್ಯಾಂಗಿಲ್ಲ."

ಸಾವಕ್ಕನಿಗೂ ಅದೇ ಮನಸ್ಸು. ಜೀಪನ್ನು ಬಾಡಿಗೆಗೆ ಹಿಡಿದು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಬಂದುಹೋಗುವ ಸಾಹೇಬರು ಜೀಪಿನ ಗದ್ದಲಕ್ಕೆ ಮುಖ ಸಿಂಡರಿಸುತ್ತಿದ್ದರು. ಹಾಲಸಿದ್ದಪ್ಪ ಮಾತ್ರ ಮೂಲೆಯಲ್ಲಿದ್ದ ದೊಡ್ಡ ಹಲ್ಲಿನ ಟಾಯರಿನ ಸಂದಿಗೆ ಹೆಬ್ಬೆರಳು ತೂರಿಸಿ ಆಳ ನೋಡುತ್ತಿದ್ದ.

"ಎರಿಮಣ್ಣ ಇದಕ್ಕ ಮೆತ್ಕೊಂಡ ನಿಂದರ್ತೈತೋ, ಸಿಡೀತೈತೋ?"

"ಸಿಡೀತೈತಿ. ಬೇಕಾದ್ರ ಹಿಂದಿನ ಎರಡಕ್ಕಷ್ಟ ಹಾಕ್ಸ್ರಿ."

"ನಮ್ಮ ಜೀಪಿಂದು ನಾಕೂ ಗಾಲಿ ಎಳೀತಾವು. ಹಾಕಿದ್ರ ನಾಕೂ ಒಂದ ನಮೂನಿ."

"ಎರಿಯಾಗ ಯಾರ ಹೊಕ್ಕಾರ್ರಿ ಈಗ?" ಅಂಗಡಿಯವನು ನಕ್ಕ.

ಹಾಲಸಿದ್ದಪ್ಪ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತ. ಸಾವಕ್ಕ ಹಿಂದೆಯೇ ಬಂದಳು.

"ಸಾಹೇಬರು ಬಿಟ್ರ ನಾವ ಉಣ್ಣೂದೇನ್ರಿ?"

ಅವನು ಬೇವಿನ ಬೊಡ್ಡೆಗೆ ಕೈಯೂರಿದ. "ಅವತ್ತ ಎರಿಯಾಗ ಚಕ್ಕಡಿ ಹೂತಾಗ ನೀ ಒಂದ ಸವನ ಕೇಳಾಕತ್ತಿದ್ದಿ, ಇನ್ನಾ ಎಷ್ಟ ದೂರ ಅಂತ. ನಾ ಏನ ಹೇಳಲೇ? ಗಾಲಿ ಜಗ್ಗಾಕತ್ತಿದ್ನಿ."

ಇಪ್ಪತ್ತು ವರ್ಷದಲ್ಲಿ ಅವನು ಆ ಮಾತು ಎತ್ತಿದ್ದು ಅದೇ ಮೊದಲು. ಚಕ್ಕಡಿಯಲ್ಲೇ ಹುಟ್ಟಿದ ಆ ಕೂಸು ಅಳಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಅವನು ಆ ದಿನವನ್ನು ಮರೆತಿದ್ದಾನೆ ಎಂದೇ ಸಾವಕ್ಕ ತಿಳಿದಿದ್ದಳು.

ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಅಂಗಡಿಯೊಳಗೆ ಹೋದಳು.

"ಹಲ್ಲಿಂದ ಕೊಡ್ರಿ. ನಾಕೂ ಅದ."

*

ಸಾವಕ್ಕ ಗೋಡೆ ಹಿಡಿದು ಎದ್ದಳು. "ಬಾಳು, ಮಾಲಿ ಬಿಚ್ಚು. ಯಲ್ಲವ್ವನ್ನ ಮುಧೋಳದ ದವಾಖಾನಿಗೆ ಮುಟ್ಟಸು."

"ಚಿಗವ್ವ, ಕಾಕಾನ್ನ..." ಅಂದ ಬಾಳು ತನ್ನಪ್ಪ ಗುರಪ್ಪನ ಮುಖ ನೋಡಿದ.

"ಭಾವಾರ, ಇವರನ್ನ ಹೆಗಲ ಮ್ಯಾಲ ಒಯ್ರಿ."

"ಕೆಸರಾಗ ಎರಡ ಮೈಲಿ ನಡೀಬೇಕ ಸಾವಕ್ಕ!"

"ಸಾವಕಾಶ ಒಯ್ರಿ. ಇವರಿಗೀಗ ಅವಸರಿಲ್ಲ."

ಗುರಪ್ಪ ತಮ್ಮನ ಮುಖವನ್ನೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಧೋತರ ಮೇಲೆ ಕಟ್ಟಿ, ಮೊದಲ ಹೆಗಲು ತಾನೇ ಕೊಟ್ಟ. ದಾರಿಯುದ್ದಕ್ಕೂ ಜನ ಹೆಗಲು ಬದಲಿಸಿದರು, ಅವನು ಮಾತ್ರ ಬದಲಿಸಲಿಲ್ಲ.

ಮಣ್ಣು ಮುಗಿಸಿ ಎಲ್ಲರೂ ಮಿಂದು ಬಂದ ಮೇಲೆ, ಹೊತ್ತು ಇಳಿಯುವಾಗ ಜೀಪು ಬಂತು. ಸಾತಪ್ಪ ಇಳಿದು ಅಂಗಳದಲ್ಲೇ ನಿಂತ, ಒಂದು ಕೈ ಬೆನ್ನ ಹಿಂದೆ. ಸಾವಿನ ಮನೆಯಲ್ಲಿ ಹೇಗೆ ಬಾಯಿ ತೆರೆಯುವುದೆಂದು ಅವನಿಗೆ ತಿಳಿಯಲಿಲ್ಲ.

"ಹೆಣ್ಣೋ, ಗಂಡೋ?" ಒಳಗಿನಿಂದ ಸಾವಕ್ಕ ಕೇಳಿದಳು.

"ಹೆಣ್ಣವ್ವ. ಇಬ್ಬರೂ ಆರಾಮದಾರ."

ಅವಳು ಹೊಸ್ತಿಲಿಗೆ ಬಂದು, ಬಳೆಯಿಲ್ಲದ ಕೈ ಮುಂದೆ ಚಾಚಿದಳು. ಸಾತಪ್ಪ ಅಳುತ್ತ ಬೆನ್ನ ಹಿಂದಿನ ಪೊಟ್ಟಣ ಬಿಚ್ಚಿ, ಅವಳ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದ.