ಕೊನೆಯ ಬಸ್ಸಿಗಾಗಿ ಕತ್ತರಿಸಿದ ಹಾಡು

ಚಂದ್ರಭಾಗಾಳ ಕಾರ್ಯ ಮುಗಿದ ಮರುದಿನವೇ ನಾನು ಮಿರಜಿಗೆ ಹೊರಟದ್ದನ್ನು ನೋಡಿ ಮನೆಯವರೆಲ್ಲ ಬೈದರು. ಬೈಯಲಿ. ಹೆಂಡತಿ ಸತ್ತಾಗಿನಿಂದ ನನಗೆ ಅಳುವೂ ಬಂದಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ.

ಅಲ್ಲಿನ ಮುಚ್ಚಿದ ಟಾಕೀಜಿನ ಗೋದಾಮಿನಲ್ಲಿ ಒಂಬತ್ತು ಹಳೆಯ ಚಿತ್ರಗಳು ಡಬ್ಬಿಗಳಲ್ಲಿ ಬಿದ್ದಿದ್ದವು. ಮುಂದಿನವರಿಗಾಗಿ ಕಾದಿಡಲು ಯೋಗ್ಯವಾದವನ್ನು ಆರಿಸಲು ಪುಣೆಯ ಚಿತ್ರ ಸಂಗ್ರಹಾಲಯದಿಂದ ಪ್ರೇರಣಾ ಬಂದಿದ್ದಳು. ಮೂಲತಃ ಮಿರಜಿನ ಹತ್ತಿರದ ಬೇಡಗದ ಹುಡುಗಿ, ನಮ್ಮ ಕನ್ನಡದವಳೇ. ಆ ಟಾಕೀಜಿನಲ್ಲಿ ಮೂವತ್ತು ವರ್ಷ ಚಿತ್ರ ಓಡಿಸಿದ ಆಪರೇಟರ್ ಎಂದು ನನ್ನನ್ನು ಕರೆಸಿದ್ದಳು. ನನಗೆ ಬೇಕಾದದ್ದು ಒಂದೇ ಚಿತ್ರ, ಅದರಲ್ಲೂ ಒಂದೇ ಹಾಡು. ಸಾಂಗ್ಲಿಯಲ್ಲಿ ಕೃಷ್ಣಾ ನದಿಯ ಘಾಟಿನಲ್ಲಿ ಅದನ್ನು ತೆಗೆದಾಗ ಹದಿನಾರರ ಚಂದ್ರಭಾಗಾ ನಾಯಕಿಯ ಹಿಂದೆ ಕೊಡ ಹೊತ್ತು ಮೆಟ್ಟಿಲೇರಿದ್ದಳು. ಆ ವಯಸ್ಸಿನ ಅವಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ.

ಆ ಚಿತ್ರ ನಮ್ಮ ಟಾಕೀಜಿಗೆ ಬಂದಾಗ ಆರಗ ಕಡೆಯ ಹಳ್ಳಿಗಳಿಗೆ ಕೊನೆಯ ಬಸ್ಸು ರಾತ್ರಿ ಒಂಬತ್ತಕ್ಕೆ. ಜನ ಚಿತ್ರ ಮುಗಿಯುವ ಮೊದಲೇ ಎದ್ದು ಓಡಿದರೆ ಮಾಲಕರು ನನ್ನ ಮೇಲೆ ಹಾರಾಡುತ್ತಿದ್ದರು. ಅದಕ್ಕೇ ಒಂದು ಹಾಡು ಕತ್ತರಿಸಿಡುವುದು, ಚಿತ್ರ ವಾಪಸು ಕಳಿಸುವಾಗ ಮತ್ತೆ ಅಂಟಿಸುವುದು ನಮ್ಮ ರೂಢಿ. ಘಾಟಿನ ಹಾಡನ್ನು ಕತ್ತರಿಸಿದವನು ನಾನೇ. ಹಂಚಿಕೆದಾರರು ದಿವಾಳಿಯಾಗಿ, ಚಿತ್ರ ವಾಪಸು ಹೋಗಲೇ ಇಲ್ಲ, ಹಾಡು ಅಂಟಿಸುವುದೂ ಉಳಿದುಹೋಯಿತು. ಮುಂದೆ ನಮ್ಮ ಮದುವೆಯಾಯಿತು.

"ನಾ ಅದರಾಗ ಹ್ಯಾಂಗ ಕಾಣತೇನ್ರಿ?" ಎಂದು ಅವಳು ಕೇಳಿದಾಗಲೆಲ್ಲ "ಭಾಳ ಚಂದ" ಎನ್ನುತ್ತಿದ್ದೆ. ಕತ್ತರಿ ಹಾಕುವಾಗ ನಾನು ಯಾರ ಮುಖ ನೋಡಿದ್ದೆ? ಸುಳ್ಳುಬುರುಕ.

ಕತ್ತರಿಸಿದ ತುಂಡನ್ನು ಆ ಚಿತ್ರದ ಡಬ್ಬಿಯ ತಳದಲ್ಲೇ ಇಟ್ಟಿದ್ದೇನೆಂದು ನಂಬಿದ್ದೆ. ಒಂದೊಂದೇ ಡಬ್ಬಿ ತೆಗೆದೆವು. ಉಳಿದ ಎಂಟು ಚಿತ್ರಗಳು ಹುಳಿ ವಾಸನೆ ಹೊಡೆದು, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಚಿತ್ರ ಮಾತ್ರ ಕೆಟ್ಟಿರಲಿಲ್ಲ. ಎಲ್ಲ ಡಬ್ಬಿಗಳ ತಳ ತಡಕಿದೆ. ತುಕ್ಕು ಬಿಟ್ಟರೆ ಏನೂ ಇರಲಿಲ್ಲ.

ಪ್ರೇರಣಾ ರೀಲು ಬೆಳಕಿಗೆ ಹಿಡಿದಳು. "ಕಾಕಾ, ಇಲ್ಲೆ ಕತ್ತರಿಸಿ ಅಂಟಿಸಿದ ಒಂದು ಜೋಡ ಐತಿ. ಯಾರ ಕತ್ತರಿಸ್ಯಾರ?"

"ನಾನ. ಒಂದು ಹಾಡಿತ್ತವ್ವಾ."

"ಹೋಗ್ಲಿ ಬಿಡ್ರಿ. ಇದರ ಪ್ರತಿ ಬ್ಯಾರೆ ಎಲ್ಲೂ ಉಳದಿಲ್ಲ. ಇದನ್ನ ಆರಿಸೇನಿ. ಇನ್ನ ನೂರು ವರ್ಷ ಹಿಂಗ ಇರತೈತಿ."

ಅವಳ ಮುಖ ಅರಳಿತ್ತು. ನಾನು ಖುಷಿಪಡಬೇಕಿತ್ತು. ಖಾಲಿ ಡಬ್ಬಿಯ ತಳವನ್ನು ಮತ್ತೊಮ್ಮೆ ತಡಕಿದೆ, ಅಷ್ಟೇ.

ಅವಳು ಫಾರ್ಮು ತೆಗೆದಳು. "ಇಷ್ಟ ದಿವಸ ಕಾಪಾಡಿದವರು ಅಂತ ನಿಮ್ಮ ಹೆಸರು ಬರೀಲೇನ್ರಿ, ಕಾಕಾ?"

"ಬರಿಯವ್ವಾ" ಎಂದೆ, ಚಂದ್ರಭಾಗಾಳಿಗೆ "ಭಾಳ ಚಂದ" ಎನ್ನುತ್ತಿದ್ದ ಅದೇ ದನಿಯಲ್ಲಿ. "ನನ್ನ ಹೆಸರು ಕಾಡಪ್ಪ ಅಂತ ಬರಿ."