ನೀಲಿ ಕೋಟಿನ ಫೋಟೊ

ಸಾರಿನ ಕೊಳಗ ಇಳಿಸಿ ಹೇಮಾ ಕೈ ಒರೆಸಿಕೊಳ್ಳುತ್ತಿದ್ದಾಗ ಕಂಪ್ಯೂಟರ್ ಕೋಣೆಯಿಂದ ಮಕ್ಕಳು ಗೊಳ್ಳೆಂದು ನಕ್ಕದ್ದು ಕೇಳಿಸಿತು. ಸಂಡೂರಿನ ಆ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದ ಅವಳಿಗೆ ಮಕ್ಕಳ ನಗೆಯ ಬಗೆಗಳೆಲ್ಲ ಗೊತ್ತು. ಇದು ಯಾರನ್ನೋ ನಡುವೆ ನಿಲ್ಲಿಸಿ ನಗುವ ನಗೆ. ಪಾಪ, ಯಾವ ಕೂಸೋ ಅಂದುಕೊಂಡಳು. ಅಷ್ಟರಲ್ಲಿ ಅವಳ ಮಗಳೇ, ಒಂಬತ್ತನೇ ತರಗತಿಯ ಪಲ್ಲವಿ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅವ್ವ, ಅಪ್ಪ ಯಾವತ್ತಾದ್ರೂ ಕೋಟು ಹಾಕಿದ್ನಾ?"

"ಊಟದ ಹೊತ್ತವ್ವ. ಆಮ್ಯಾಲ ಹೇಳ್ತೀನಿ."

"ಹಾಕಿದ್ನೋ ಇಲ್ಲೋ, ಅಷ್ಟ ಹೇಳು."

ಹೇಮಾ ಕೈಯಲ್ಲಿದ್ದ ಮಸಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. "ಇಲ್ಲ."

ಪಲ್ಲವಿ ತಟ್ಟೆ ಮುಟ್ಟದೆ ಹೊರಟುಹೋದಳು.

ನಡೆದದ್ದನ್ನು ಯಶೋಧರಾ ಮೇಡಂ ತಾವೇ ಬಂದು ಹೇಳಿದರು. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಬರುವ ಅವರು ಒಂದು ತಿಂಗಳಿಂದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪೋಸ್ಟರ್ ಮಾಡುವುದನ್ನು ಕಲಿಸುತ್ತಿದ್ದರು. ಫೋನಿಗೆ ಬರುವ ಚಿತ್ರಗಳಿಂದ ಮೋಸ ಹೋಗಬಾರದೆಂದರೆ ಅವನ್ನು ಹೇಗೆ ಮಾಡುತ್ತಾರೆಂದು ತಿಳಿದಿರಬೇಕು, ಅದಕ್ಕೆ ಮಾಡಿಯೇ ಕಲಿಯಬೇಕು ಎನ್ನುವುದು ಅವರ ಪಾಠ. ಮೊದಲ ವಾರ ಮಕ್ಕಳು ದರೋಜಿಯ ಕರಡಿಯನ್ನು ಕಂಪ್ಲಿ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂಡಿಸಿ ನಕ್ಕಿದ್ದರು. ಈ ವಾರ ಮನೆಯ ಒಂದು ಫೋಟೊ ತಂದು, ದೊಡ್ಡದು ಮಾಡಿ, ಅದರಲ್ಲಿ ಏನೇನು ತಿದ್ದಿದೆ ಎಂದು ಬಾಣದ ಗುರುತು ಹಾಕಬೇಕಿತ್ತು.

"ಅದು ಆಕಿ ತಂದಿ ಫೋಟೊ ಅಂತ ನನಗ ಗೊತ್ತಿರ್ಲಿಲ್ರಿ," ಎಂದರು ಮೇಡಂ. "ಹಾರ ಕಾಣದಂಗ ಕತ್ತರಿಸಿ ತಂದಿದ್ಲು. ಮುಖದ ಮ್ಯಾಲ ಬೆಳಕು ಎಡಗಡೆಯಿಂದ, ಕೋಟಿನ ಮ್ಯಾಲ ಬಲಗಡೆಯಿಂದ. ತಲಿ ಒಬ್ರದು, ಮೈ ಒಬ್ರದು ಅಂತ ಎಲ್ಲಾರ ಮುಂದ ಹೇಳಿಬಿಟ್ಟೆ. ಆ ಅಂಜಿನೇಯ ‘ಲೇ, ಪಲ್ಲವಿ ಅಪ್ಪ ಕಟ್ ಪೇಸ್ಟ್’ ಅಂದ. ತಪ್ಪು ನಂದು."

"ನಿಮ್ದಲ್ರಿ ಮೇಡಂ. ನಂದು."

ಹೇಮಾಳ ಗಂಡ ಗಾದಿಲಿಂಗ ಅದಿರು ಲಾರಿಯ ಕ್ಲೀನರ್ ಆಗಿದ್ದ. ಲಾರಿ ಘಾಟಿನಲ್ಲಿ ಉರುಳಿ ಅವನು ತೀರಿಕೊಂಡಾಗ ಪಲ್ಲವಿಗೆ ಎರಡು ವರ್ಷ. ಹಾರ ಹಾಕಲು ಒಂದು ಫೋಟೊ ಬೇಕೆಂದು ಹೇಮಾ ಹೊಸಪೇಟೆಯ ಸ್ಟುಡಿಯೋಕ್ಕೆ ಹೋದಾಗ ಅಲ್ಲಿಯವನು, "ಕೋಟು ಕರೇದೋ ನೀಲೀದೋ ಅಕ್ಕ?" ಎಂದಷ್ಟೇ ಕೇಳಿದ. ಅವರ ಓಣಿಯಲ್ಲಿ ತೀರಿಕೊಂಡ ಗಂಡಸರೆಲ್ಲ ಗೋಡೆಯ ಮೇಲೆ ಕೋಟು ತೊಟ್ಟೇ ಇದ್ದರು. ಅದನ್ನು ಯಾರೂ ಸುಳ್ಳು ಅಂದುಕೊಂಡಿರಲಿಲ್ಲ. ಹೇಮಾ ನೀಲಿ ಎಂದಳು.

ಆದರೆ ಐದು ವರ್ಷದ ಪಲ್ಲವಿ ಫೋಟೊ ನೋಡಿ "ಅಪ್ಪ ಸಾಹೇಬನಾ?" ಎಂದು ಕೇಳಿದಾಗ ಹೇಮಾ "ಹೂಂ" ಅಂದಿದ್ದಳು. ಮಗಳು ಶಾಲೆಯಲ್ಲಿ ತನ್ನಪ್ಪ ದೋಣಿಮಲೈ ಗಣಿಯಲ್ಲಿ ಆಫೀಸರ್ ಆಗಿದ್ದ ಎಂದು ಹೇಳಿಕೊಂಡು ಬಂದಾಗಲೂ ತಿದ್ದಲಿಲ್ಲ. ಈಗ ಹೇಮಾಗೆ ದಿಗಿಲಾದದ್ದು ಕೋಟಿಗಲ್ಲ. ಮಗಳಿಗೆ ಅಪ್ಪ ಗೊತ್ತಿದ್ದದ್ದು ಅವ್ವನ ಬಾಯಿಂದ ಮಾತ್ರ. ಆ ಬಾಯನ್ನೇ ನಂಬದೆ ಹೋದರೆ ಆ ಮನುಷ್ಯನಿಗೆ ಇರಲು ಬೇರೆ ಜಾಗವೇ ಇರಲಿಲ್ಲ.

ಸಂಜೆ ಮನೆಯಲ್ಲಿ ಟ್ರಂಕು ತೆಗೆದು, ಸೀರೆಗಳ ಅಡಿಯಿಂದ ಹಳೆಯ ಫೋಟೊ ಎತ್ತಿ ಮಗಳ ಮುಂದಿಟ್ಟಳು. ಲಾರಿಯ ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ಕೂತ ಗಾದಿಲಿಂಗ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಕೆಂಪು ಧೂಳು. ನಗುವ ಹಲ್ಲಷ್ಟೇ ಬಿಳಿ. ತೊಡೆಯ ಮೇಲಿನ ಕೂಸು ಅವನ ಗಲ್ಲಕ್ಕೆ ಅಂಗೈ ಒತ್ತಿತ್ತು.

"ಈ ಕೈ ನಂದಾ?"

"ನಿಂದ."

"ಗ್ವಾಡಿ ಮ್ಯಾಲಿನ ಫೋಟೊದಾಗ ಇಲ್ಲಲ್ಲ."

"ಸ್ಟುಡಿಯೋದಾಗ ಈ ಮುಖನ ತಗೊಂಡು, ಧೂಳಿನ ಜೋಡಿ ಕೈನೂ ಅಳಿಸ್ಯಾರ. ಹಾರ ಹಾಕೋ ಫೋಟೊದಾಗ ಬದುಕಿರೋ ಕೂಸಿನ ಕೈ ಇರಬಾರದು ಅಂದ್ರು. ನನಗೂ ಅಂಜಿಕಿ ಆತು. ಅಳಿಸ್ರಿ ಅಂದೆ."

ಪಲ್ಲವಿ ಆ ಪುಟ್ಟ ಕೈಯ ಮೇಲೆ ಬೆರಳಿಟ್ಟಳು. "ಹಂಗಾರ ನೀ ಹೇಳಿದ್ದರಾಗ ಖರೇ ಯಾವುದು? ದವಾಖಾನಿಯಾಗ ನನ್ನ ಹೆಸರು ಹಿಡದು ಕರದಿದ್ದನಂತಲ್ಲ, ಅದು?"

ಮಗಳಿಗೆ ಜ್ವರ ಬಂದಾಗಲೆಲ್ಲ ಹಣೆ ಒತ್ತುತ್ತ ಹೇಮಾ ಹೇಳಿದ್ದ ಮಾತು ಅದು. ಹೌದು ಅಂದುಬಿಡಬಹುದಿತ್ತು. ಎಷ್ಟು ದೊಡ್ಡದು ಮಾಡಿ ನೋಡಿದರೂ ಅದನ್ನು ಅಂಟಿಸಿದ ಅಂಚು ಯಾರಿಗೂ ಕಾಣುತ್ತಿರಲಿಲ್ಲ.

"ಅದೂ ಇಲ್ಲವ್ವ," ಎಂದಳು. "ದವಾಖಾನಿ ಮುಟ್ಟೋದ್ರೊಳಗ ಜೀವ ಹೋಗಿತ್ತು. ನಾ ಅಲ್ಲಿ ಇರಲೇ ಇಲ್ಲ. ನಿನಗ ಅನ್ನ ಉಣಿಸಾಕತ್ತಿದ್ದೆ."

ಪಲ್ಲವಿ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಮಾತಿಲ್ಲ. ಹೇಮಾ ಅವಳ ಜಡೆ ಹೆಣೆದಳು, ತಟ್ಟೆಗೆ ಬಡಿಸಿದಳು.

ಮೂರನೇ ದಿನ ಹೇಮಾ ಶಾಲೆಯ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಮಗಳು ಬಂದಳು. "ಬಾ, ಸ್ವಲ್ಪ ಕೆಲಸ ಐತಿ."

ಕಂಪ್ಯೂಟರ್ ಕೋಣೆಯಲ್ಲಿ ಪರದೆಯ ತುಂಬ ಆ ಕೆಂಪು ಧೂಳಿನ ಮುಖ, ಗಲ್ಲದ ಮೇಲೆ ಪುಟ್ಟ ಕೈ. ಕೆಳಗೆ ‘ಗಾದಿಲಿಂಗ, ಲಾರಿ ಕ್ಲೀನರ್’ ಎಂದು ಬರೆದಿತ್ತು. ಪಕ್ಕದ ಕುರ್ಚಿ ಎಳೆದು ಪಲ್ಲವಿ, "ಕುಂದ್ರು. ಮುಂದ ಹೇಳು. ಗೊತ್ತಿದ್ದಷ್ಟ," ಎಂದಳು.

ಹೇಮಾ ಹೇಳಿದಳು. ನಾಲ್ಕನೇ ತರಗತಿ ಓದಿದ್ದ. ಮೈ ತೊಳೆಯದೆ ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಈ ಫೋಟೊ ತೆಗೆದ ದಿನ ಮಾತ್ರ ಅವಳೇ ಓಡಿಹೋಗಿ ಹತ್ತಿ ಕೂತಳು. ಸಿಟ್ಟು ಬಂದರೆ ಉಣ್ಣುತ್ತಿರಲಿಲ್ಲ.

"ನನ್ನಂಗ," ಎಂದು ಪಲ್ಲವಿ ತಲೆ ಎತ್ತದೆ ಕೀಲಿಮಣೆಯ ಮೇಲೆ ಬೆರಳಾಡಿಸಿದಳು. "ಅವಗ ಯಾವ ಬಣ್ಣ ಸೇರತಿತ್ತು?"

"ಗೊತ್ತಿಲ್ಲವ್ವ. ನಾ ಕೇಳಿರಲಿಲ್ಲ."

ಪಲ್ಲವಿ ‘ಗೊತ್ತಿಲ್ಲ’ ಎಂದೇ ಬರೆದಳು. ಹಿಂದಿನಿಂದ ಅಂಜಿನೇಯ ಇಣುಕಿದ. "ಲೇ, ಕಣ್ಣು ನಿಮ್ಮಪ್ಪನವ ಬಂದಾವು ನೋಡು ನಿನಗ."

"ಸುಮ್ನ ಹೋಗಲೇ."

ಮೇಡಂ ಬಂದು ಕುರ್ಚಿಯ ಹಿಂದೆ ನಿಂತು ಎಲ್ಲವನ್ನೂ ಓದಿದರು. "ಕೆಳಗ ಇನ್ನೊಂದು ಸಾಲು ಬೇಕವ್ವ. ಇದನ್ನೆಲ್ಲ ನಿನಗ ಹೇಳಿದವರು ಯಾರು ಅಂತ. ನೀನು ಯಾರ ಮಾತು ನಂಬಿ ಬರದಿ ಅಂತ ಓದೋರಿಗೆ ಗೊತ್ತಾಗಬೇಕಲ್ಲ."

ಪಲ್ಲವಿಯ ಬೆರಳುಗಳು ನಿಂತವು. ಹೇಮಾ ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತ ಕೂತಳು. ಕೀಲಿಗಳ ಸದ್ದು ಮತ್ತೆ ಶುರುವಾಯಿತು. ಸದ್ದು ನಿಂತ ಮೇಲೆ ಹೇಮಾ ತಲೆ ಎತ್ತಿ, ತಾನು ಓದುವ ನಿಧಾನದ ರೀತಿಯಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

‘ಹೇಳಿದವರು: ಹೇಮಾ, ನನ್ನ ಅವ್ವ.’