ಫ್ರೀಜರಿನ ತಳದ ಹಳದಿ ಮಂಜು

ದಾವಣಗೆರೆಯ ಆಸ್ಪತ್ರೆಯಲ್ಲಿ ಕೀಮೋ ಮುಗಿಸಿಕೊಂಡು ಜಗಳೂರಿಗೆ ಬಂದಮೇಲೆ ಆಂಜನೇಯನಿಗೆ ಊಟವೇ ಸೇರುತ್ತಿರಲಿಲ್ಲ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ. ಆ ದಿನ ಬೆಳಿಗ್ಗೆ ಮಾತ್ರ ತಾನಾಗಿಯೇ ಕಾಲು ಸೂಪು ಕೇಳಿದ. ಹೆಂಡತಿ ದುರ್ಗಾಂಬಿಕಾಗೆ ಜೀವ ಬಂದಂತಾಯಿತು.

ಸೂಪು ಫ್ರೀಜರಿನಲ್ಲಿತ್ತು. ಆಸ್ಪತ್ರೆಗೆ ಹೊರಡುವ ಮೊದಲೇ ಕುರಿಕಾಲು ಬೇಯಿಸಿ, ಸೋಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಸಣ್ಣ ಡಬ್ಬಿಗಳಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿದ್ದಳು. ಒಂದು ಹೊತ್ತಿಗೆ ಒಂದು ಡಬ್ಬಿ, ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬಾರದು ಎಂದು ಹಿಂದಿನ ಸಲವೇ ನರ್ಸ್ ಹೇಳಿಕೊಟ್ಟಿದ್ದರು. ಕೀಮೋ ಆದವರ ಮೈ ಸಣ್ಣ ಸೋಂಕನ್ನೂ ತಡೆಯುವುದಿಲ್ಲ, ಜ್ವರ ಕಂಡರೆ ಕಾಯದೆ ಬನ್ನಿ ಎಂದೂ ಹೇಳಿದ್ದರು.

ಮೇಲಿದ್ದ ಡಬ್ಬಿಯ ಸೂಪನ್ನು ಚೆನ್ನಾಗಿ ಕುದಿಸಿ ಕೊಟ್ಟಳು. ಆಂಜನೇಯ ಲೋಟ ಖಾಲಿ ಮಾಡಿದ. ಸಂಜೆಗೆ ಕರಗಲೆಂದು ಇನ್ನೊಂದನ್ನು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಲು ಹೋದಾಗ ಡಬ್ಬಿ ಕದಲಲಿಲ್ಲ. ಜಗ್ಗಿ ಕಿತ್ತಳು. ಫ್ರೀಜರಿನ ತಳದ ತುಂಬ ಹಳದಿ ಮಂಜು ಹರಡಿತ್ತು. ಅದರಲ್ಲಿ ಕೊಬ್ಬಿನ ಬಿಳಿ ಚುಕ್ಕೆಗಳಿದ್ದವು. ಗಟ್ಟಿಯಾಗಿದ್ದ ಸೂಪು ಹರಿಯುವುದು ಹೇಗೆ? ನಡುವೆ ಕರಗಿರಬೇಕು. ಆಂಜನೇಯ ಕುಡಿದದ್ದೂ ಅದನ್ನೇ.

ಅತ್ತೆ ಕೆಂಪಕ್ಕ ಅಡುಗೆಮನೆಯಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಮಗ ಸೊಸೆ ಆಸ್ಪತ್ರೆಯಲ್ಲಿದ್ದಾಗ ಹೊನ್ನಾಳಿಯ ಮಗಳ ಮನೆಗೆ ಹೋಗಿ, ಅವರಿಗಿಂತ ಒಂದು ದಿನ ಮುಂಚೆ ಮರಳಿದ್ದಳು.

"ಅತ್ತೆ, ನಾವಿಲ್ಲದಾಗ ಕರೆಂಟ್ ಏನಾರ ಹೋಗಿತ್ತೇನ್ರೀ?"

"ಹೋಗಿರಬೇಕು. ನಂಗೇನ್ ಗೊತ್ತು," ಎಂದಳು ಕೆಂಪಕ್ಕ, ತಲೆ ಎತ್ತದೆ.

ಪಕ್ಕದ ಮನೆಯ ಉಡಚಮ್ಮನನ್ನು ವಿಚಾರಿಸಿದರೆ, ಹೆಚ್ಚು ಹೊತ್ತು ಹೋದ ನೆನಪಿಲ್ಲ ಎಂದಳು. ದುರ್ಗಾಂಬಿಕಾ ಗಂಡನಿಗೆ ಏನೂ ಹೇಳಲಿಲ್ಲ. ನೆಪ ಮಾಡಿಕೊಂಡು ಮತ್ತೆ ಮತ್ತೆ ಅವನ ಹಣೆ ಮುಟ್ಟಿ ನೋಡುತ್ತಿದ್ದಳು. ಕೆಂಪಕ್ಕ ಸೊಪ್ಪನ್ನು ಅಲ್ಲೇ ಬಿಟ್ಟು ಮಗನ ಕೋಣೆಯ ಹೊಸ್ತಿಲಲ್ಲಿ ಕೂತಳು.

ಮಧ್ಯಾಹ್ನ ಆಂಜನೇಯ ವಾಂತಿ ಮಾಡಿದ. ಸ್ವಲ್ಪ ಹೊತ್ತಿಗೆ ಚಳಿ ಎಂದು ರಗ್ಗು ಕೇಳಿದ. ಥರ್ಮಾಮೀಟರಿನಲ್ಲಿ ಜ್ವರ ಏರಿತ್ತು. ಆಸ್ಪತ್ರೆಗೆ ಫೋನ್ ಮಾಡಿ ಸೂಪಿನ ವಿಷಯವನ್ನೂ ಹೇಳಿದರೆ, ಕೂಡಲೇ ಕರೆತನ್ನಿ ಎಂದ ನರ್ಸ್, ಸೂಪು ಎಷ್ಟು ಹೊತ್ತು ಕರಗಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದಳು ದುರ್ಗಾಂಬಿಕಾ.

ಬೀದಿಯ ಪಾಲಣ್ಣ ಕಾರು ತಂದ. ಹಿಂದಿನ ಸೀಟಿನಲ್ಲಿ ಆಂಜನೇಯ ಅವ್ವನ ಹೆಗಲಿಗೆ ತಲೆ ಕೊಟ್ಟು ನಡುಗುತ್ತಿದ್ದ. ಊರು ದಾಟಿ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುವಾಗ ಕೆಂಪಕ್ಕ ಬಾಯಿಬಿಟ್ಟಳು.

"ದುರ್ಗಾ, ಡಾಕ್ಟ್ರಿಗೆ ಸರಿಯಾಗಿ ಹೇಳು. ಕರೆಂಟ್ ಹೋಗಿದ್ದಲ್ಲ. ಹೊನ್ನಾಳಿಗೆ ಹೋಗಾಕೆ ಬೀಗ ಹಾಕುವಾಗ ನಾನೇ ಮೇನ್ ಆಫ್ ಮಾಡಿದ್ದೆ. ಬಂದು ನೋಡಿದ್ರೆ ಡಬ್ಬಿ ಎಲ್ಲ ನೀರಾಗಿದ್ವು. ಮೇನ್ ಹಾಕಿದ ಮ್ಯಾಲೆ ಮತ್ತೆ ಗಟ್ಟಿಯಾದ್ವು. ಏನಾಗಲ್ಲ ಅಂದ್ಕಂಡೆ."

"ಬೆಳಿಗ್ಗೆ ಕೇಳ್ದಾಗ ಯಾಕೆ ಹೇಳಲಿಲ್ಲ?"

"ಅವನು ಆಗ್ಲೇ ಕುಡಿದುಬಿಟ್ಟಿದ್ದ. ನಂಗೆ ಬಾಯೇ ಬರಲಿಲ್ಲ."

ದುರ್ಗಾಂಬಿಕಾ ಕಿಟಕಿಯ ಕಡೆ ತಿರುಗಿಕೊಂಡಳು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ ಆಸ್ಪತ್ರೆಗೆ ಮತ್ತೆ ಫೋನ್ ಹಚ್ಚಿ, ಅತ್ತೆ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು.

ಆಸ್ಪತ್ರೆಯ ಬಾಗಿಲಲ್ಲೇ ಗಾಲಿಕುರ್ಚಿ ಕಾದಿತ್ತು. ರಕ್ತ ತೆಗೆದುಕೊಂಡು ತಕ್ಷಣ ಡ್ರಿಪ್ ಹಚ್ಚಿದರು. ಸೂಪಿನಿಂದಲೇ ಆಯಿತೆಂದು ಖಚಿತವಾಗಿ ಹೇಳಲಾಗದು, ಆದರೆ ಹಾಗೆ ಕರಗಿ ಕೂತದ್ದನ್ನು ಎಷ್ಟು ಕುದಿಸಿದರೂ ನಂಬಬಾರದು ಎಂದರು ವೈದ್ಯರು. ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು.

ಮರುದಿನವೂ ಜ್ವರ ಏರಿಳಿಯಿತು. ಕೆಂಪಕ್ಕ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ, ಏನೂ ತಿನ್ನಲೂ ಇಲ್ಲ. ಸೊಸೆ ಅವಳೊಡನೆ ಮಾತಾಡಲಿಲ್ಲ. ಅದರಾಚೆಯ ಬೆಳಿಗ್ಗೆ ಜ್ವರ ಬಿಟ್ಟಿತು. ಆಂಜನೇಯ ಕಣ್ಣು ತೆರೆದು, ಅವ್ವ ಎಲ್ಲಿ ಎಂದು ಕೇಳಿದ.

ದುರ್ಗಾಂಬಿಕಾ ಹೊರಗೆ ಬಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕ್ಯಾಂಟೀನಿನಿಂದ ತಂದ ಇಡ್ಲಿಯ ಪೊಟ್ಟಣ ಬಿಚ್ಚಿ ಅತ್ತೆಯ ಮಡಿಲಿಗಿಟ್ಟಳು.

"ತಿಂದು ಒಳಗೆ ಬರ್ರಿ. ನಿಮ್ಮನ್ನೇ ಕೇಳ್ತಾರೆ."

ಕೆಂಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಇಡ್ಲಿ ಮುರಿದಳು.